ಓಲಾಡುವ ಸೈಕಲ್ಲಿಗೂ ಒಂದು ದಾರಿ

ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕದ ಒಂದು ಬಡಾವಣೆ. ಅಲ್ಲಿನ ಮನೆಯೊಂದರ ಮೆಟ್ಟಿಲ ಕೆಳಗೆ ಹೊಸ ಸೈಕಲ್ಲೊಂದು ಎರಡು ತಿಂಗಳಿಂದ ನಿಂತೇ ಇತ್ತು. ಸೀಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕೂಡ ಯಾರೂ ತೆಗೆದಿರಲಿಲ್ಲ. ಒಂಬತ್ತನೇ ತರಗತಿಗೆ ಬಂದ ಹುಡುಗಿಗೆ ಸೋದರಮಾವ ಪ್ರೀತಿಯಿಂದ ಕೊಡಿಸಿದ ಸೈಕಲ್ ಅದು. ಶಾಲೆ ಇರುವುದು ಎರಡೂವರೆ ಕಿಲೋಮೀಟರ್ ದೂರದಲ್ಲಿ. ಆದರೆ ದೊಡ್ಡ ರಸ್ತೆಯ ಆಚೆ ಬದಿಯಲ್ಲಿ. ಆ ‘ಆಚೆ ಬದಿ’ಯೇ ಎಲ್ಲ ತಕರಾರಿನ ಮೂಲ.

“ಅಪ್ಪ, ನಾಳೆಯಿಂದ ಸೈಕಲ್ಲಲ್ಲಿ ಹೋಗ್ಲಾ?” ಎಂದು ಮಗಳು ಕೇಳುವುದು, “ಆ ರಸ್ತೇಲಾ? ಸುಮ್ನಿರು, ನಾನೇ ಸ್ಕೂಟರಲ್ಲಿ ಬಿಡ್ತೀನಿ” ಎಂದು ಅಪ್ಪ ಹೇಳುವುದು, ಇದು ಪ್ರತಿ ಭಾನುವಾರ ರಾತ್ರಿ ಊಟದ ಹೊತ್ತಿಗೆ ನಡೆಯುವ ಸಂಭಾಷಣೆ. ಅದಕ್ಕೆ ತಾತನ ಒಗ್ಗರಣೆ ಬೇರೆ. ಎಂಬತ್ತರ ಹತ್ತಿರದ ಆ ಹಿರಿಯರು ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸೇವೆಯ ಬಹುಪಾಲು ವರ್ಷ ಸೈಕಲ್ಲಿನಲ್ಲೇ ಹೋಗಿ ಬಂದವರು. ಶಿಫ್ಟ್ ಬಿಟ್ಟಾಗ ಗೇಟಿನಿಂದ ಹೊಳೆಯಂತೆ ಹೊರಬೀಳುತ್ತಿದ್ದ ಸೈಕಲ್ಲುಗಳು, ತೆರಿಗೆ ಕಟ್ಟಿ ಹಾಕಿಸಿಕೊಳ್ಳುತ್ತಿದ್ದ ಬಿಲ್ಲೆ, ಡೈನಮೋ ದೀಪ ಉರಿಯದಿದ್ದರೆ ಅಡ್ಡಗಟ್ಟುತ್ತಿದ್ದ ಪೊಲೀಸರು, ಎಲ್ಲವೂ ಅವರಿಗೆ ನಿನ್ನೆ ಮೊನ್ನೆಯಂತೆ ನೆನಪಿದೆ.

“ಅಷ್ಟು ವರ್ಷದಲ್ಲಿ ನನಗೇನಾಯ್ತೋ?” ಎಂದು ಅವರು ಮಗನನ್ನು ಕೇಳಿದರು.

“ನಿಮ್ಮ ಕಾಲ ಬೇರೆ ಅಪ್ಪ. ಆಗ ಇಷ್ಟು ಕಾರೂ ಇರಲಿಲ್ಲ, ಈ ವೇಗವೂ ಇರಲಿಲ್ಲ.”

ಅಪ್ಪನ ಮಾತಿನಲ್ಲಿ ಸುಳ್ಳಿಲ್ಲ. ಮಕ್ಕಳಿರುವ ಯಾವ ಮನೆಯಲ್ಲೂ ಇದೇ ಉತ್ತರ ಬರುತ್ತದೆ. ಆದರೆ ಬೆಳಿಗ್ಗೆ ಎಂಟೂವರೆಗೆ ಯಾವುದಾದರೂ ಶಾಲೆಯ ಗೇಟಿನ ಮುಂದೆ ನಿಂತು ನೋಡಿ. ಕಾರು, ಸ್ಕೂಟರು, ಆಟೋ, ವ್ಯಾನುಗಳ ನಡುವೆ ಉಸಿರಾಡಲೂ ಜಾಗವಿರುವುದಿಲ್ಲ. ರಸ್ತೆಯ ವಾಹನಗಳಿಗೆ ಹೆದರಿ ಪೋಷಕರು ಮಕ್ಕಳನ್ನು ವಾಹನದಲ್ಲಿ ತರುತ್ತಾರೆ. ಆ ವಾಹನಗಳನ್ನು ಕಂಡು ಸೈಕಲ್ಲಿನಲ್ಲಿ ಬರುತ್ತಿದ್ದ ಉಳಿದ ನಾಲ್ಕು ಮಕ್ಕಳ ಪೋಷಕರೂ ಹೆದರುತ್ತಾರೆ. ಹೀಗೆ ಭಯವೇ ಭಯವನ್ನು ಹೆಚ್ಚಿಸುತ್ತ ಹೋಗುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಹುಡುಗಿ ಹಟ ಹಿಡಿದಳು. “ಬೇಡ ಅನ್ನೋದಾದ್ರೆ ಯಾಕೆ ಬೇಡ ಅಂತ ತೋರಿಸಿ.” ತಾತನಿಗೆ ಇದು ಇಷ್ಟವಾಯಿತು. ಅವರು ಒಂದು ಉಪಾಯ ಹೇಳಿದರು. ಮನೆಯ ಮುಂದಿನ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಿಂದ ನೇರವಾದ ಗೆರೆ ಎಳೆಸಿದರು. ಸೈಕಲ್ಲಿನ ಮುಂದಿನ ಗಾಲಿಗೆ ನೀರು ಸುರಿಸಿ, ಬೆನ್ನಿಗೆ ಶಾಲೆಯ ಚೀಲ ಹಾಕಿಸಿ, ಗೆರೆಯ ಮೇಲೇ ಹೋಗುವಂತೆ ಮೊಮ್ಮಗಳಿಗೆ ಹೇಳಿದರು. ಹುಡುಗಿ ತುಟಿ ಕಚ್ಚಿಕೊಂಡು ನೇರವಾಗಿಯೇ ಹೋದಳು. ತಿರುಗಿ ಬಂದು ನೋಡಿದರೆ ಒದ್ದೆ ಗಾಲಿಯ ಗುರುತು ಹಾವು ಹರಿದಂತೆ ಗೆರೆಯ ಆ ಕಡೆ ಈ ಕಡೆ ಬಳುಕಿತ್ತು. ವೇಗವಾಗಿ ಹೋದಲ್ಲಿ ಬಳುಕು ಕಡಿಮೆ. ಆದರೆ ಹೊರಡುವಾಗ ಮತ್ತು ನಿಲ್ಲುವಾಗ ಒಂದು ಗೇಣಿಗಿಂತಲೂ ಹೆಚ್ಚು!

“ನನಗೆ ಸರಿಯಾಗಿ ಬರಲ್ಲ ಅಂತ ಆಯ್ತಾ ತಾತ?” ಹುಡುಗಿಯ ಮುಖ ಚಿಕ್ಕದಾಯಿತು.

“ಅಲ್ಲ ಕಣಮ್ಮ, ನಾನು ಹತ್ತಿದರೂ ಹೀಗೇ. ಸೈಕಲ್ ನಿಲ್ಲೋದೇ ಓಲಾಡಿಕೊಂಡು.”

ತಾತ ಹೇಳಿದ್ದು ವಿಜ್ಞಾನಕ್ಕೆ ಒಪ್ಪುವ ಮಾತು. ಸೈಕಲ್ ಎಡಕ್ಕೆ ವಾಲಿದರೆ ಸವಾರ ತನಗೆ ಅರಿವಿಲ್ಲದೆಯೇ ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತಾನೆ. ಗಾಲಿಗಳು ವಾಲಿದ ದೇಹದ ಕೆಳಗೆ ಬಂದು ಸಮತೋಲ ಮರಳುತ್ತದೆ. ಮರುಕ್ಷಣ ಬಲಕ್ಕೆ. ಹೀಗೆ ಕ್ಷಣಕ್ಷಣವೂ ಬೀಳುತ್ತ, ಬೀಳುವುದನ್ನು ತಪ್ಪಿಸಿಕೊಳ್ಳುತ್ತ ಸಾಗುವುದಕ್ಕೇ ಸೈಕಲ್ ಸವಾರಿ ಎಂದು ಹೆಸರು. ಓಲಾಟ ಸವಾರನ ತಪ್ಪಲ್ಲ, ಅದು ಸೈಕಲ್ಲಿನ ಸ್ವಭಾವ. ಹ್ಯಾಂಡಲ್ಲಿನ ಅಗಲ ಸುಮಾರು ಅರವತ್ತು ಸೆಂಟಿಮೀಟರ್. ಎರಡೂ ಬದಿಗೆ ಓಲಾಟಕ್ಕೆಂದು ಒಂದೊಂದು ಗೇಣು ಸೇರಿಸಿದರೆ ಒಬ್ಬ ಸವಾರನಿಗೇ ಒಂದು ಮೀಟರ್ ಬೇಕು. ಹಿಂದಿನಿಂದ ಬಂದವರು ದಾಟಿ ಹೋಗಲು ಇನ್ನೊಂದು ಮೀಟರ್. ಸೈಕಲ್ ಪಥ ಕನಿಷ್ಠ ಎರಡು ಮೀಟರ್ ಅಗಲ ಇರಬೇಕೆನ್ನುವುದರ ಹಿಂದಿನ ಲೆಕ್ಕ ಇಷ್ಟೇ. ಅದು ಯಾರಿಗೋ ತೋರಿಸುವ ಔದಾರ್ಯವಲ್ಲ.

ಅಳತೆಯ ಟೇಪು, ಒಂದು ನೋಟ್‌ಬುಕ್ಕು ಹಿಡಿದು ಅಪ್ಪ ಮಗಳು ರಸ್ತೆಗೆ ಹೊರಟರು. ತಾತ ಮೂಲೆಯ ಬೇಕರಿಯ ಬೆಂಚಿನ ಮೇಲೆ ಕುಳಿತರು. ಮಗಳು ಅಳೆದಳು, ಅಪ್ಪ ಬರೆದುಕೊಂಡರು. ಅಂಗಡಿಗಳ ಮುಂದೆ ಸಾಲಾಗಿ ನಿಂತ ಕಾರುಗಳು ರಸ್ತೆಯ ಅಂಚಿನಿಂದ ಎರಡು ಮೀಟರ್ ಜಾಗ ಹಿಡಿದಿದ್ದವು. ಅಂದರೆ ಒಂದು ಸೈಕಲ್ ಪಥಕ್ಕೆ ಬೇಕಾದಷ್ಟೇ. “ಈ ರಸ್ತೇಲಿ ಜಾಗ ಎಲ್ಲಿದೆ?” ಎಂದು ಮನೆಯಲ್ಲಿ ವಾದಿಸಿದ್ದ ಅಪ್ಪ ಟೇಪನ್ನು ಮಡಿಸುತ್ತ ಸುಮ್ಮನಾದರು. ಕಾರುಗಳ ಬಾಗಿಲು ತೆರೆದರೆ ಇನ್ನೂ ಸುಮಾರು ಒಂದು ಮೀಟರ್ ಹೋಯಿತು. ಸೈಕಲ್ಲಿನವರು ಆ ಬಾಗಿಲಿಗೂ ಹಿಂದಿನಿಂದ ಬರುವ ಬಸ್ಸಿಗೂ ನಡುವೆ ಉಳಿದ ಸಂದಿನಲ್ಲಿ ಹೋಗಬೇಕು. ಚರಂಡಿಯ ಮೇಲಿನ ಕಬ್ಬಿಣದ ಜಾಲರಿಯ ಸರಳುಗಳು ರಸ್ತೆಯುದ್ದಕ್ಕೆ ಸಮಾನಾಂತರವಾಗಿದ್ದವು. ಸೈಕಲ್ಲಿನ ಗಾಲಿ ಸಿಕ್ಕಿಬೀಳಲು ಹೇಳಿ ಮಾಡಿಸಿದ ಹಾಗೆ. ಅದೇ ಸರಳುಗಳು ಅಡ್ಡಡ್ಡಲಾಗಿದ್ದರೆ ಗಾಲಿ ಅವುಗಳ ಮೇಲೆ ಸಲೀಸಾಗಿ ಹಾದುಹೋಗುತ್ತದೆ. ಖರ್ಚು ಎರಡಕ್ಕೂ ಒಂದೇ.

ಮನೆಗೆ ಬಂದ ಮೇಲೆ ಹುಡುಗಿ ಇನ್ನೊಂದು ಲೆಕ್ಕ ಹಾಕಿದಳು. ಒಂಬತ್ತನೇ ತರಗತಿಯ ‘ಚಲನೆ’ ಪಾಠದಲ್ಲಿ ಬರುವ ಸಮೀಕರಣವೇ ಅದಕ್ಕೆ ಸಾಕು. ಈ ಪುಟ ಓದುವ ವಿದ್ಯಾರ್ಥಿಗಳೂ ಮಾಡಿ ನೋಡಬಹುದು. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ 8.3 ಮೀಟರ್, 50 ಕಿಲೋಮೀಟರ್ ಎಂದರೆ 13.9 ಮೀಟರ್. ಅಡ್ಡ ಬಂದ ಮಗುವನ್ನು ಕಂಡು ಚಾಲಕನ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕೆಂದುಕೊಳ್ಳೋಣ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 7 ಮೀಟರಿನಂತೆ ವೇಗವನ್ನು ಇಳಿಸಲಿ. 30ರಲ್ಲಿ ಬರುವ ಕಾರು ಆ ಒಂದು ಸೆಕೆಂಡಿನಲ್ಲಿ 8.3 ಮೀಟರ್, ಬ್ರೇಕು ಹಿಡಿದ ಮೇಲೆ 5 ಮೀಟರ್, ಒಟ್ಟು ಸುಮಾರು 13.3 ಮೀಟರ್ ಸಾಗಿ ನಿಲ್ಲುತ್ತದೆ. ಮಗು 14 ಮೀಟರ್ ದೂರದಲ್ಲಿದ್ದರೆ ಉಳಿಯಿತು. 50ರಲ್ಲಿ ಬರುವ ಕಾರಾದರೋ? ಚಾಲಕನ ಕಾಲು ಬ್ರೇಕನ್ನು ಮುಟ್ಟುವ ಹೊತ್ತಿಗೇ ಅದು 13.9 ಮೀಟರ್ ಮುಂದೆ ಬಂದಿರುತ್ತದೆ. ಅಂದರೆ ವೇಗ ಎಳ್ಳಷ್ಟೂ ಇಳಿಯದೆ ಮಗುವಿನ ಬಳಿಗೆ.

ಇನ್ನು ಪೆಟ್ಟಿನ ಮಾತು. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 30ರಿಂದ 50ಕ್ಕೆ ಏರಿದಾಗ ವೇಗ ಎರಡು ಪಟ್ಟೂ ಆಗಿರುವುದಿಲ್ಲ. ಶಕ್ತಿ ಮಾತ್ರ ಹತ್ತಿರ ಹತ್ತಿರ 2.8 ಪಟ್ಟಾಗಿರುತ್ತದೆ. ಇದನ್ನು ಎತ್ತರದಿಂದ ಬೀಳುವುದಕ್ಕೆ ಹೋಲಿಸಿದರೆ ಮನಸ್ಸಿಗೆ ನಾಟುತ್ತದೆ. ಮೂರೂವರೆ ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ 30 ಕಿಲೋಮೀಟರ್ ವೇಗದಲ್ಲಿರುತ್ತದೆ. 50ರ ವೇಗಕ್ಕೆ ಬೇಕಾದ ಎತ್ತರ ಸುಮಾರು ಹತ್ತು ಮೀಟರ್. ಒಂದು ಮಾಳಿಗೆಯಿಂದ ಬೀಳುವುದಕ್ಕೂ ಮೂರು ಅಂತಸ್ತಿನ ಮನೆಯ ತಾರಸಿಯಿಂದ ಬೀಳುವುದಕ್ಕೂ ಇರುವ ಅಂತರ ಇದು.

“ಅಂದ್ರೆ ಅಪ್ಪ, ಮಕ್ಕಳು ಹುಷಾರಾಗಿರಬೇಕು ಅನ್ನೋದಷ್ಟೇ ಸಾಲದು” ಎಂದಳು ಹುಡುಗಿ. “ರಸ್ತೇನೂ ಹುಷಾರಾಗಿರಬೇಕು.”

“ಅದೆಲ್ಲ ಹಾಲೆಂಡಿನಂಥ ದೇಶಕ್ಕೆ ಸರಿ ಕಣೇ. ಅಲ್ಲಿ ಮೊದಲಿಂದಲೂ ಹಾಗೆ” ಎಂದರು ಅಪ್ಪ.

ಬಹಳ ಜನರ ತಿಳಿವಳಿಕೆ ಹೀಗೆಯೇ ಇದೆ. ಆದರೆ ನೆದರ್‌ಲ್ಯಾಂಡ್ಸ್ ಎಂಬ ಆ ಪುಟ್ಟ ದೇಶದ ಕಥೆ ಬೇರೆ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಕೈಯಲ್ಲಿ ಹಣ ಓಡಾಡತೊಡಗಿದಾಗ ಜನ ಕಾರು ಕೊಂಡರು. ಕಾರುಗಳಿಗಾಗಿ ರಸ್ತೆಗಳನ್ನು ಅಗಲಿಸಿದರು, ಚೌಕಗಳನ್ನು ವಾಹನ ನಿಲುಗಡೆಗೆ ಬಿಟ್ಟರು, ಸೈಕಲ್ಲುಗಳು ಮೂಲೆ ಸೇರಿದವು. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸತ್ತವರು ಸುಮಾರು 3,300 ಮಂದಿ. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ರಸ್ತೆ ಅಪಘಾತದಲ್ಲಿ ಮಗಳನ್ನು ಕಳೆದುಕೊಂಡ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತ ಮರುವರ್ಷ ಬರೆದ ಲೇಖನದ ಶೀರ್ಷಿಕೆ ‘ಮಕ್ಕಳ ಕೊಲೆ ನಿಲ್ಲಿಸಿ’. ಅದೇ ಹೆಸರಿನಲ್ಲಿ ತಂದೆತಾಯಂದಿರ ಚಳವಳಿ ಹುಟ್ಟಿತು. ಅಪಘಾತ ಎನ್ನಬೇಡಿ, ಕೊಲೆ ಎನ್ನಿ ಎಂಬ ಆ ನಿಷ್ಠುರ ಮಾತು ದೇಶವನ್ನು ಬೆಚ್ಚಿಬೀಳಿಸಿತು.

ವಿದ್ಯಾರ್ಥಿಗಳು ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಆಮ್‌ಸ್ಟರ್‌ಡ್ಯಾಮಿನ ‘ಡೆ ಪೈಪ್’ ಎಂಬ ಇಕ್ಕಟ್ಟಾದ ಕೇರಿಯ ಮಕ್ಕಳು, ಆಡಲು ಜಾಗವಿಲ್ಲವೆಂದು 1972ರಲ್ಲಿ ತಾವೇ ಮುಂದೆ ಬಂದರು. ಬೀದಿಗೆ ಕಾರು ಬರಬಾರದೆಂದು ಸಹಿ ಸಂಗ್ರಹಿಸಿದರು, ಬೀದಿಗೆ ಅಡ್ಡಗಟ್ಟೆ ಇಟ್ಟು ಆಡಿದರು. ಸಿಟ್ಟಾದ ಕಾರಿನವರೊಡನೆ ಜಟಾಪಟಿಯೂ ನಡೆಯಿತು. ಇದೆಲ್ಲ ಅಲ್ಲಿನ ದೂರದರ್ಶನದ ಸಾಕ್ಷ್ಯಚಿತ್ರವೊಂದರಲ್ಲಿ ದಾಖಲಾಗಿದೆ. 1973ರ ತೈಲ ಬಿಕ್ಕಟ್ಟಿನಲ್ಲಿ ಸರ್ಕಾರವೇ ಕೆಲವು ಭಾನುವಾರ ಕಾರುಗಳನ್ನು ನಿಷೇಧಿಸಿದಾಗ, ಕಾರಿಲ್ಲದ ರಸ್ತೆ ಹೇಗಿರುತ್ತದೆಂದು ಜನ ಕಣ್ಣಾರೆ ಕಂಡರು. ಮುಂದೆ ಟಿಲ್‌ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಪ್ರಯೋಗಕ್ಕೆಂದು ಒಂದೊಂದು ಸೈಕಲ್ ಮಾರ್ಗ ಮಾಡಿದರು. ಒಂದೇ ಮಾರ್ಗದಿಂದ ಪ್ರಯೋಜನ ಅಷ್ಟಕ್ಕಷ್ಟೇ, ಮನೆಯಿಂದ ಶಾಲೆಯವರೆಗೂ ಕಡಿಯದ ಜಾಲ ಬೇಕು ಎಂಬ ಪಾಠ ಕಲಿತರು. ಡೆಲ್ಫ್ಟ್ ಎಂಬ ಊರು 1980ರ ದಶಕದಲ್ಲಿ ಅಂಥ ಜಾಲವನ್ನೇ ಹೆಣೆಯಿತು. ವರ್ಷಕ್ಕೆ 400ಕ್ಕೂ ಹೆಚ್ಚು ಮಕ್ಕಳನ್ನು ಕಳೆದುಕೊಳ್ಳುತ್ತಿದ್ದ ದೇಶದಲ್ಲಿ 2010ರ ಹೊತ್ತಿಗೆ ಆ ಸಂಖ್ಯೆ 14ಕ್ಕೆ ಇಳಿದಿತ್ತು.

ಅವರು ಮಾಡಿದ್ದೇನು? ಮೂಲ ಸೂತ್ರ ಸರಳ. ಮನುಷ್ಯ ತಪ್ಪು ಮಾಡುತ್ತಾನೆ, ಮಕ್ಕಳಂತೂ ಮಾಡಿಯೇ ಮಾಡುತ್ತಾರೆ. ಆ ತಪ್ಪಿಗೆ ಮರಣದಂಡನೆ ಆಗಬಾರದು. ಆದ್ದರಿಂದ ವಾಹನ ಮತ್ತು ಸೈಕಲ್ ಬೆರೆಯುವ ಬೀದಿಯಲ್ಲಿ ವೇಗವನ್ನು 30ಕ್ಕೆ ಇಳಿಸಬೇಕು. ವೇಗ ಇಳಿಸಲಾಗದ ದೊಡ್ಡ ರಸ್ತೆಯಲ್ಲಿ ಎರಡನ್ನೂ ಬೇರ್ಪಡಿಸಬೇಕು. ಬೇರ್ಪಡಿಸುವುದೆಂದರೆ ಬಣ್ಣ ಬಳಿಯುವುದಲ್ಲ. ಬಣ್ಣದ ಗೆರೆ ಯಾವ ಕಾರನ್ನೂ ತಡೆಯದು. ನಡುವೆ ಒಂದು ಕಟ್ಟೆ, ಗಿಡಗಳ ಸಾಲು, ಕೊನೆಗೆ ನಿಂತ ಕಾರುಗಳ ಸಾಲಾದರೂ ಇರಬೇಕು. ಕಾರುಗಳು ಪಥದ ಹೊರಗೆ, ಬಾಗಿಲು ತೆರೆಯುವಷ್ಟು ಜಾಗ ಬಿಟ್ಟು ನಿಂತರೆ ಅವೇ ಗೋಡೆಯಾಗುತ್ತವೆ. ಬಸ್ ನಿಲ್ದಾಣ ಬಂದಾಗ ಪಥವು ತಂಗುದಾಣದ ಹಿಂದಿನಿಂದ ಸುತ್ತಿ ಹೋಗಬೇಕು. ಆಗ ನಿಲ್ಲಲೆಂದು ಎಡಕ್ಕೆ ಬರುವ ಬಸ್ಸು ಸೈಕಲ್ಲಿಗೆ ಅಡ್ಡವಾಗುವುದಿಲ್ಲ. ಪೆಟ್ರೋಲ್ ಬಂಕು, ಕಲ್ಯಾಣ ಮಂಟಪಗಳ ಬಾಗಿಲಲ್ಲಿ ಪಥ ತಗ್ಗಿ ಮತ್ತೆ ಏರಬಾರದು. ಪಥ ತನ್ನ ಮಟ್ಟದಲ್ಲೇ ಮುಂದುವರಿಯಬೇಕು. ಏರಿ ಇಳಿಯುವ ಕಷ್ಟ ಕಾರಿಗಿರಲಿ.

ಎಲ್ಲಕ್ಕಿಂತ ಕಠಿಣವಾದದ್ದು ಕೂಡುರಸ್ತೆ. ಒದ್ದೆ ಗಾಲಿಯ ಗುರುತನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಸೈಕಲ್ ಅತಿ ಹೆಚ್ಚು ಓಲಾಡುವುದು ನಿಂತು ಹೊರಡುವಾಗ, ಅಂದರೆ ಸಿಗ್ನಲ್ಲಿನಲ್ಲೇ. ಅದೇ ಹೊತ್ತಿಗೆ ಪಕ್ಕದ ಲಾರಿ ಎಡಕ್ಕೆ ತಿರುಗುತ್ತದೆ. ಉದ್ದನೆಯ ವಾಹನ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ. ಒಳಕ್ಕೆ, ಮೂಲೆಗೆ ಒತ್ತಿಕೊಂಡು ಬರುತ್ತವೆ. ಆ ಮೂಲೆಯಲ್ಲೇ ಸೈಕಲ್ ನಿಂತಿರುತ್ತದೆ. ಎತ್ತರದಲ್ಲಿ ಕುಳಿತ ಚಾಲಕನಿಗೆ ಅದು ಕಾಣುವುದೂ ಇಲ್ಲ. ಇದಕ್ಕೆ ಪರಿಹಾರಗಳು ಇಲ್ಲದಿಲ್ಲ. ಸೈಕಲ್ಲುಗಳು ನಿಲ್ಲುವ ಗೆರೆಯನ್ನು ವಾಹನಗಳಿಗಿಂತ ಮುಂದೆ ಎಳೆಯುವುದು, ಮೂಲೆಯಲ್ಲಿ ಸಣ್ಣ ದ್ವೀಪದಂಥ ಕಟ್ಟೆ ಕಟ್ಟಿ ವಾಹನಗಳು ನಿಧಾನವಾಗಿ ತಿರುಗುವಂತೆ ಮಾಡುವುದು, ದಾಟುವ ಜಾಗವನ್ನು ಅಗಲವಾದ ಹಂಪಿನಂತೆ ಎತ್ತರಿಸುವುದು, ಸೈಕಲ್ಲಿಗೆ ಕೆಲವು ಸೆಕೆಂಡು ಮೊದಲೇ ಹಸಿರು ದೀಪ ಕೊಡುವುದು. ಪಥವೆಲ್ಲ ಚೆನ್ನಾಗಿದ್ದು ಕೂಡುರಸ್ತೆಯಲ್ಲಿ ಮಾಯವಾದರೆ, ಅದು ಹೊಳೆಯ ನಡುವಿನವರೆಗೆ ಮಾತ್ರ ಕಟ್ಟಿದ ಸೇತುವೆಯಿದ್ದಂತೆ.

ನಮ್ಮಲ್ಲಿ ಪ್ರಯತ್ನಗಳೇ ನಡೆದಿಲ್ಲವೆಂದಲ್ಲ. 2012ರ ಸುಮಾರಿಗೆ ಬೆಂಗಳೂರಿನ ಜಯನಗರದಲ್ಲಿ ಸೈಕಲ್ ಪಥಗಳನ್ನು ಗುರುತಿಸಿದರು. ಅವು ಬಹುಮಟ್ಟಿಗೆ ವಾಹನ ನಿಲ್ಲಿಸುವ ಜಾಗಗಳಾದವು. 2020ರಲ್ಲಿ, ಕೊರೋನಾ ಕಾಲದಲ್ಲಿ, ನಗರ ಭೂಸಾರಿಗೆ ನಿರ್ದೇಶನಾಲಯದ ಯೋಜನೆಯಂತೆ ಇದೇ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಮತ್ತು ಕೆ.ಆರ್. ಪುರದ ನಡುವೆ ಗೂಟಗಳನ್ನು ನೆಟ್ಟು ತಾತ್ಕಾಲಿಕ ಸೈಕಲ್ ಪಥ ಮಾಡಿದ್ದರು. ಸೈಕಲ್ ನುಗ್ಗುವ ಸಂದಿನಲ್ಲಿ ಮೋಟಾರ್ ಬೈಕೂ ನುಗ್ಗಿತು, ಗೂಟಗಳು ಮುರಿದವು, ಮೆಟ್ರೊ ಕಾಮಗಾರಿ ಬಂದ ಮೇಲೆ ಪಥ ಉಳಿಯಲಿಲ್ಲ. ಇಲ್ಲಿ ಒಂದು ಸತ್ಯ ಒಪ್ಪಿಕೊಳ್ಳಬೇಕು. ಬೈಕುಗಳ ಕಾಟ ಹಾಲೆಂಡಿನ ಪುಸ್ತಕದಿಂದಷ್ಟೇ ಬಗೆಹರಿಯುವಂಥದ್ದಲ್ಲ. ಅದಕ್ಕೆ ಪೊಲೀಸರ ದಂಡವೂ ಬೇಕು, ನಮ್ಮ ಸಂಕೋಚವೂ ಬೇಕು. ಹತ್ತು ನಿಮಿಷ ಉಳಿಸಲು ಸೈಕಲ್ ಪಥದಲ್ಲಿ ನುಗ್ಗುವವರೂ ಯಾವುದೋ ಮಗುವಿನ ಅಪ್ಪನೋ ಅಣ್ಣನೋ ಆಗಿರುತ್ತಾರಲ್ಲವೇ? ರಾಜ್ಯ ಸರ್ಕಾರ 2006–07ರಿಂದ ಹಲವು ವರ್ಷ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಅದರಿಂದ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳು ಓದು ಮುಂದುವರಿಸಿದರು. ಸೈಕಲ್ ಕೊಡುವುದು ಅರ್ಧ ಕೆಲಸ. ಅದು ಓಡುವ ದಾರಿ ಉಳಿದರ್ಧ.

ಆ ಮನೆಯಲ್ಲಿ ಮುಂದೇನಾಯಿತು? ಅಪ್ಪ ಮಗಳು ಸೇರಿ ಅಳತೆಗಳೊಂದಿಗೆ ಒಂದು ನಕ್ಷೆ ಬರೆದರು. ಶಾಲೆಯ ಪೋಷಕರ ಸಭೆಯಲ್ಲಿ ಅದನ್ನು ತೋರಿಸಿದಾಗ ಕೆಲವರು ನಕ್ಕರು, ಹಲವರು ಸಹಿ ಹಾಕಿದರು. ನಗರಾಡಳಿತದ ಕಚೇರಿಗೆ ಕೊಟ್ಟ ಅರ್ಜಿಯಲ್ಲಿ ಕೇಳಿದ್ದು ಮೂರೇ ಮೂರು. ಶಾಲೆಯ ಬಳಿಯ ಕೂಡುರಸ್ತೆಯಲ್ಲಿ ಎತ್ತರಿಸಿದ ದಾಟುದಾರಿ, ಒಂದು ಬದಿಯ ಕಾರು ನಿಲುಗಡೆ ತೆಗೆದು ಅಲ್ಲಿ ಕಟ್ಟೆಯಿರುವ ಎರಡು ಮೀಟರ್ ಪಥ, ಚರಂಡಿ ಜಾಲರಿಗಳನ್ನು ಅಡ್ಡ ತಿರುಗಿಸುವುದು. ಒಂದು ತಿಂಗಳಲ್ಲಿ ಜಾಲರಿಗಳನ್ನು ತಿರುಗಿಸಿ ಹಾಕಿದರು. ಉಳಿದೆರಡಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿದೆ. ಮಗಳು ಅದನ್ನು ನೋಟ್‌ಬುಕ್ಕಿನಲ್ಲಿ ಅಂಟಿಸಿಟ್ಟಿದ್ದಾಳೆ.

ಸೈಕಲ್ಲಿನ ಪ್ಲಾಸ್ಟಿಕ್ ಹಾಳೆಯೂ ಹೋಗಿದೆ. ದೊಡ್ಡ ರಸ್ತೆಯನ್ನು ಆದಷ್ಟು ಬಿಟ್ಟು, ಬಡಾವಣೆಯ ಒಳಬೀದಿಗಳಲ್ಲೇ ಹೋಗುವ ದಾರಿಯೊಂದನ್ನು ಇಬ್ಬರೂ ಹುಡುಕಿಕೊಂಡರು. ಅರ್ಧ ಕಿಲೋಮೀಟರ್ ಸುತ್ತು, ಆದರೆ ಮರಗಳ ನೆರಳಿದೆ. ತಾತನ ಹಳೆಯ ಸೈಕಲ್ಲಿಗೆ ಹೊಸ ಟೈರು ಹಾಕಿಸಿ ಅಪ್ಪ ಬೆಳಿಗ್ಗೆ ಮಗಳ ಹಿಂದೆ ತಾವೂ ಹೊರಡುತ್ತಾರೆ. ಮೊದಲ ವಾರ ಮೊಣಕಾಲು ನೋಯಿತು. ಎರಡನೆಯ ವಾರ ಅವರಿಗೆ ಇನ್ನೊಂದು ನೋವು ಅರ್ಥವಾಯಿತು. ಕಿವಿಯ ಪಕ್ಕದಲ್ಲೇ ಹಾರ್ನ್ ಹೊಡೆದು ಮೈಗೆ ತಾಗುವಂತೆ ಸ್ಕೂಟರೊಂದು ನುಗ್ಗಿದಾಗ, ತಾವೂ ನಿತ್ಯ ಹೀಗೇ ಓಡಿಸುತ್ತಿದ್ದುದು ನೆನಪಾಯಿತು. ಈಗ ಅವರು ಸ್ಕೂಟರಿನಲ್ಲಿ ಹೋಗುವಾಗ ಸೈಕಲ್ ಕಂಡರೆ ಒಂದು ತೋಳಿನಷ್ಟಕ್ಕಿಂತ ಹೆಚ್ಚು ಜಾಗ ಬಿಟ್ಟು, ವೇಗ ಇಳಿಸಿ ದಾಟುತ್ತಾರೆ.

ಕೂಡುರಸ್ತೆ ಮಾತ್ರ ಹಾಗೆಯೇ ಇದೆ. ಅಲ್ಲಿಗೆ ಬಂದಾಗ ಅಪ್ಪ ಮಗಳು ಇಳಿಯುತ್ತಾರೆ. ಅಪ್ಪ ಬಲಗಡೆ, ಮಗಳು ಎಡಗಡೆ, ಸೈಕಲ್ ತಳ್ಳಿಕೊಂಡು, ಒಂದು ಕೈ ಎತ್ತಿ ವಾಹನಗಳನ್ನು ಬೇಡಿಕೊಳ್ಳುತ್ತ ದಾಟುತ್ತಾರೆ. ಆಚೆ ದಡ ಮುಟ್ಟಿದ ಮೇಲೆ ಮಗಳು ಹತ್ತಿ ಹೊರಡುತ್ತಾಳೆ. ಹೊರಡುವಾಗ ಸೈಕಲ್ ಸ್ವಲ್ಪ ಓಲಾಡುತ್ತದೆ. ಅಪ್ಪ ಅದು ನೇರವಾಗುವವರೆಗೂ ಅಲ್ಲೇ ನಿಂತು ನೋಡುತ್ತಾರೆ. ಮನೆಯಲ್ಲಿ ತಾತ ಗೇಟಿಗೆ ಒರಗಿಕೊಂಡು, “ಮುಟ್ಟಿದಳು” ಎಂದು ಮಗನ ಫೋನು ಬರುವವರೆಗೂ ಗಡಿಯಾರ ನೋಡುತ್ತಿರುತ್ತಾರೆ.